ಮಳೆಗಾಲದ ಹಾವು ಕಡಿತ: ಮೊದಲೇ ಮಾಡಿಟ್ಟುಕೊಳ್ಳಬೇಕಾದ ಏರ್ಪಾಡು

ಕೊಳೆರೋಗಕ್ಕೆ ಔಷಧ ಹೊಡೆಸಲು ಮಳೆ ಹಿಡಿಯುವ ಮೊದಲೇ ಸುಣ್ಣ, ಮೈಲುತುತ್ತ ತಂದಿಟ್ಟುಕೊಳ್ಳುವವರು ನಾವು. ಹಾವು ಕಡಿದರೆ ಏನು ಮಾಡಬೇಕೆಂಬುದನ್ನು ಮಾತ್ರ ಕಡಿದ ಮೇಲೆ ಯೋಚಿಸುತ್ತೇವೆ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು ತಜ್ಞರ ಅಂದಾಜು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಆಗಿವೆ.

ತಡೆಯುವ ಕ್ರಮ: ಸೌದೆ, ಸೋಗೆ, ಅಡಿಕೆ ಸಿಪ್ಪೆಯ ರಾಶಿಗಳನ್ನು ಮನೆಗೆ ತಾಗಿಸಿ ಹಾಕಬಾರದು. ಅಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ರಾತ್ರಿ ಅಂಗಳಕ್ಕಿಳಿಯುವಾಗ ಟಾರ್ಚ್, ತೋಟದ ಕೆಲಸಕ್ಕೆ ಗಮ್ ಬೂಟು ಇರಲಿ, ಆಳುಗಳಿಗೂ ಕೊಡಿಸೋಣ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಬೇಕು. ಕಟ್ಟುಹಾವು ಮಲಗಿದವರನ್ನು ರಾತ್ರಿ ಕಡಿಯುತ್ತದೆ. ನೋವು, ಬಾವು ಹೆಚ್ಚಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ಕಡಿದ ಗುರುತು ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಕಡಿದಾಗ ಮಾಡಬೇಕಾದದ್ದು: ಹಾವಿನಿಂದ ದೂರ ಸರಿಸಿ, ಧೈರ್ಯ ಹೇಳಿ, ಅಲುಗಾಡದಂತೆ ಮಲಗಿಸಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಬಾವು ಬಂದ ಮೇಲೆ ಅವು ಬರುವುದಿಲ್ಲ. ಕಡಿದ ಕೈಕಾಲಿಗೆ ಅಡಿಕೆ ದಬ್ಬೆ ಇಟ್ಟು, ಮುರಿದ ಮೂಳೆಗೆ ಕಟ್ಟುವಂತೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ನಡೆಸಬೇಡಿ, ಕುರ್ಚಿಯಲ್ಲೋ ಕಂಬಳಿಯಲ್ಲೋ ಹೊತ್ತು ತನ್ನಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಕಡಿದ ಹೊತ್ತನ್ನು ನೆನಪಿಟ್ಟುಕೊಳ್ಳಿ.

ಮಾಡಬಾರದ್ದು: ಹಗ್ಗದಿಂದ ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧ ಹಚ್ಚುತ್ತ ಕಾಯುವುದು. ಯಾರಾದರೂ ಆಗಲೇ ಬಿಗಿದಿದ್ದರೆ ಒಮ್ಮೆಲೇ ಬಿಚ್ಚದೆ ವೈದ್ಯರಿಗೆ ತೋರಿಸಿ. ಹಾವನ್ನು ಹಿಡಿಯಲು, ಕೊಲ್ಲಲು ಹೋದರೆ ಇನ್ನೊಬ್ಬರಿಗೆ ಕಡಿತವಾದೀತು.

ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಅದಕ್ಕೆ ಬೇಕಾದ ವಿಷವನ್ನು ತಮಿಳುನಾಡಿನಲ್ಲಿ 1978ರಲ್ಲಿ ಹುಟ್ಟಿದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘವೂ ಒದಗಿಸುತ್ತ ಬಂದಿದೆ. ಕಾಫಿ ತೋಟದ ತರಗೆಲೆಯಲ್ಲಿ ಅಡಗುವ, ಮೂಗು ಮೇಲಕ್ಕೆ ಬಾಗಿದ ಚಿಕ್ಕ ಗುಳಿಮಂಡಲದ ವಿಷಕ್ಕೆ ಈ ಔಷಧ ನಾಟುವುದಿಲ್ಲ. ಆದರೂ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದಾದ್ದರಿಂದ ಅದು ಕಡಿದರೂ ಆಸ್ಪತ್ರೆಯೇ ಗತಿ. ಯಾವ ಹಾವೆಂದು ತೀರ್ಮಾನಿಸುವ ಹೊಣೆ ವೈದ್ಯರದು. ಬೇಗ ತಲುಪಿಸುವ ಹೊಣೆ ನಮ್ಮದು.

ಆದ್ದರಿಂದ ಈ ವಾರವೇ ನಾಲ್ಕು ಸಂಗತಿ ವಿಚಾರಿಸಿಕೊಳ್ಳೋಣ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಔಷಧ ದಾಸ್ತಾನಿದೆ? ಉಸಿರಾಟದ ಯಂತ್ರ ಎಲ್ಲಿದೆ? ನಡುರಾತ್ರಿ ಕರೆದರೆ ಯಾರ ಜೀಪು ಬರುತ್ತದೆ? ಹಳ್ಳ ಉಕ್ಕಿ ಸಂಕ ಮುಳುಗಿದರೆ ಬಳಸುದಾರಿ ಯಾವುದು? 108ಕ್ಕೆ ಕರೆ ಮಾಡಲು ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆಂಬುದೂ ಎಲ್ಲರಿಗೂ ಗೊತ್ತಿರಲಿ. ಇಷ್ಟನ್ನೂ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿ, ಮಕ್ಕಳಿಂದ ಒಮ್ಮೆ ಓದಿಸಿ. ಗಂಡಸರು ಪೇಟೆಗೆ ಹೋಗಿರುವ ದಿನವೂ ಮನೆಯವರು ದಾರಿ ಕಾಣದೆ ನಿಲ್ಲುವಂತಾಗಬಾರದು.