ಕೋವಿಯ ನಳಿಗೆಯೂ ಕಾನೂನಿನ ಅಳತೆಯೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಕೆ ತೋಟಗಳಿಗೂ ಗದ್ದೆಗಳಿಗೂ ಕಾಡುಹಂದಿ, ಮಂಗಗಳ ಕಾಟ ತಪ್ಪಿದ್ದಲ್ಲ. ಆದುದರಿಂದಲೇ ಅಲ್ಲಿನ ಹಲವು ಮನೆಗಳಲ್ಲಿ ಪರವಾನಗಿ ಪಡೆದ ಕೋವಿಗಳುಂಟು. ಆದರೆ ಕಾನೂನು ಎಲ್ಲ ಬಂದೂಕುಗಳನ್ನೂ ಒಂದೇ ಬಗೆಯಾಗಿ ಕಾಣುವುದಿಲ್ಲ. ಅದೇಕೆಂಬುದನ್ನು ನಾವೀಗ ನೋಡೋಣ.

ಸಾಮಾನ್ಯ ಕೋವಿಯ ನಳಿಗೆಯ ಒಳಮೈ ನುಣುಪು; ಅದರಿಂದ ಹೊರಬಿದ್ದ ಚರೆಗಳು ಚದರಿ ಬೇಗನೆ ವೇಗ ಕಳೆದುಕೊಳ್ಳುತ್ತವೆ. ರೈಫಲಿನ ನಳಿಗೆಯೊಳಗಾದರೋ ತಿರುಪಿನಂತಹ ತೋಡುಗಳಿವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ಓಲಾಡದೆ ಬಹುದೂರ ಸಾಗುತ್ತದೆ. ಗುರಿ ತಪ್ಪಿದರೆ ತೋಟದಾಚೆಯ ದಾರಿಹೋಕನಿಗೂ ಮೃತ್ಯುವಾದೀತು.

1959ರ ಆಯುಧ ಅಧಿನಿಯಮವು ಇಂತಹ ಭೇದಗಳನ್ನು ಗಮನಿಸುತ್ತದೆ. ಬೆಳೆ ರಕ್ಷಣೆಗೆ ಅದು ಮೊದಲು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, 20 ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿಯನ್ನು. ರೈಫಲು ಬೇಕೆಂಬವನು ತಕ್ಕ ಕಾರಣವನ್ನು ತೋರಿಸಬೇಕು. ಟ್ರಿಗರನ್ನು ಒತ್ತಿಹಿಡಿದಷ್ಟು ಹೊತ್ತೂ ಗುಂಡು ಸುರಿಸುವ ಬಂದೂಕು ನಿಷಿದ್ಧಾಯುಧ. ಕೇಂದ್ರ ಸರ್ಕಾರದ ವಿಶೇಷ ಅಧಿಕಾರವಿಲ್ಲದೆ ಅದನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ.

ಗಿಡ್ಡ ಕೋವಿಯನ್ನು ಮರೆಮಾಚುವುದು ಸುಲಭ. ಆದಕಾರಣ ಅನುಮತಿಯಿಲ್ಲದೆ ನಳಿಗೆಯನ್ನು ಕುಯ್ದು ಮೊಟಕುಗೊಳಿಸುವುದೂ ಅಪರಾಧವೇ. ಇನ್ನೊಂದನ್ನು ನಾವು ಮರೆಯಬಾರದು: ಪರವಾನಗಿಯು ಕೋವಿಗೆ ಮಾತ್ರ. ಕಾಡುಹಂದಿಯನ್ನು ಕೊಲ್ಲಲು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಪ್ರತ್ಯೇಕ ಅನುಮತಿ ಬೇಕು.