ಬೂಸ್ಟು ಹಿಡಿದ ಜೋಳ, ಗಬ್ಬ ನಿಲ್ಲದ ಹಸು

ಹಸು ಮತ್ತೆ ಮತ್ತೆ ಬೆದೆಗೆ ಬರುತ್ತಿದೆ, ಗಬ್ಬವಿಲ್ಲದ ಕಡಸಿನ ಕೆಚ್ಚಲೂ ಊದಿದೆ ಎಂದು ಮಧುಗಿರಿಯಿಂದ ಬರೆದಿದ್ದೀರಿ. ಎರಡೂ ಒಟ್ಟಿಗೆ ಕಂಡಾಗ ಮೇವಿನ ಮೇಲೆ ಅನುಮಾನ ಪಡಲೇಬೇಕು. ಹಿಂಗಾರು ಮಳೆಗೆ ಸಿಕ್ಕ ಮುಸುಕಿನ ಜೋಳದಲ್ಲಿ ಫ್ಯುಸೇರಿಯಂ ಬೂಸ್ಟು ಬೆಳೆದು ಝೀರಲೆನೋನ್ ಎಂಬ ವಿಷ ಬಿಡುತ್ತದೆ. ಅದು ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನಿನಂತೆಯೇ ವರ್ತಿಸಿ ಬೆದೆಯ ಲೆಕ್ಕ ತಪ್ಪಿಸುತ್ತದೆ. ಹಂದಿಗೆ ಇದರ ಪೆಟ್ಟು ಹೆಚ್ಚು, ಹಸುವಿಗೆ ಕಡಿಮೆ. ಆದ್ದರಿಂದ ಗರ್ಭಕೋಶದ ಸೋಂಕು, ಖನಿಜದ ಕೊರತೆ ಇಲ್ಲವೆಂದು ಪಶುವೈದ್ಯರಿಂದ ಮೊದಲು ಖಚಿತಪಡಿಸಿಕೊಳ್ಳಿ.

‘ಕಾಳು ಚೆನ್ನಾಗಿದೆಯಲ್ಲ’ ಎನ್ನಬಹುದು. ಬೂಸ್ಟು ಕಣ್ಣಿಗೆ ಕಾಣದಿದ್ದರೂ ವಿಷ ಉಳಿದಿರಬಹುದು. ಬೇಯಿಸಿದರೂ ಬಿಸಿಲಿಗೆ ಹಾಕಿದರೂ ಹೋಗದು. ಪ್ರಯೋಗಾಲಯದ ಎಲೈಸಾ ಅಥವಾ ಎಚ್‌ಪಿಎಲ್‌ಸಿ ಪರೀಕ್ಷೆಯೇ ದಾರಿ. ವಿಷ ಎಲ್ಲೆಡೆ ಸಮನಾಗಿ ಹರಡಿರದ ಕಾರಣ ಒಂದೇ ಹಿಡಿ ಸಾಲದು. ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ, ಕಾಗದದ ಪೊಟ್ಟಣದಲ್ಲಿ ಕಳಿಸಿ. ಹಾಲಿನ ಹಸುವಿನ ಆಹಾರಕ್ಕೆ ಯುರೋಪ್ ಒಕ್ಕೂಟ 2006ರಲ್ಲಿ ಸೂಚಿಸಿದ ಮಿತಿ ಕಿಲೋಗೆ 0.5 ಮಿಲಿಗ್ರಾಂ. ಫಲಿತಾಂಶ ಬರುವವರೆಗೆ ಆ ಜೋಳ ನಿಲ್ಲಿಸಿ. ಪಾವಗಡ, ಸಿರಾ ಕಡೆಯ ಕಡಲೆಕಾಯಿ ಹಿಂಡಿ ಹಾಕುತ್ತಿದ್ದರೆ ಅಫ್ಲಾಟಾಕ್ಸಿನ್ ಎಂಬ ಇನ್ನೊಂದು ಬೂಸ್ಟು ವಿಷದ ಪರೀಕ್ಷೆಯನ್ನೂ ಮಾಡಿಸಿ. ಆ ವಿಷ ಹಾಲಿಗೂ ಇಳಿಯುತ್ತದೆ. ಪರೀಕ್ಷೆಯ ಖರ್ಚು ದುಬಾರಿ ಎನಿಸಬಹುದು, ಆದರೆ ಕರುವಿಲ್ಲದೆ ಕಳೆಯುವ ವರ್ಷ ಅದಕ್ಕಿಂತ ದೊಡ್ಡ ನಷ್ಟ.