ಮಾತ್ರೆಯ ಜೊತೆಗೆ ಉಸಿರಾಟ, ಮಾತ್ರೆಯ ಬದಲಿಗೆ ಅಲ್ಲ



ನಮ್ಮ ಊರುಗಳಲ್ಲಿ ಹಿರಿಯರ ಕೈ ನಡುಗಿದರೆ "ಪ್ರಾಯ ಆಯ್ತಲ್ಲ, ಹಾಗೇ" ಅಂತ ಬಿಟ್ಟುಬಿಡುವುದೇ ಹೆಚ್ಚು. ನಡಿಗೆ ನಿಧಾನವಾದರೆ, ಅಂಗಿಯ ಗುಂಡಿ ಹಾಕಲು ಕಷ್ಟವಾದರೆ, ಮಾತು ಪಕ್ಕದವರಿಗೂ ಕೇಳಿಸದಷ್ಟು ಸಣ್ಣದಾದರೆ ಸೋಮಾರಿತನ ಎನ್ನುವವರಿದ್ದಾರೆ. ಮುಖದಲ್ಲಿ ನಗು ಕಾಣದಿದ್ದರೆ ಸಿಟ್ಟು ಎಂದುಕೊಳ್ಳುವವರೂ ಇದ್ದಾರೆ. ಇವು ಒಂದರ ಹಿಂದೆ ಒಂದು ಬಂದರೆ ಅದು ಪಾರ್ಕಿನ್ಸನ್ ಕಾಯಿಲೆ ಇರಬಹುದು. ಈ ಕಾಯಿಲೆ ಇರುವವರಿಗೆ ಉಸಿರಾಟದ ಅಭ್ಯಾಸ ಮತ್ತು ಧ್ಯಾನ ಹೇಗೆ ನೆರವಾಗುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

1. ಕಾಯಿಲೆಯ ಪರಿಚಯ

ಲಂಡನ್ನಿನ ವೈದ್ಯರಾದ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ವಿವರವಾಗಿ ಬರೆದರು. ಅವರ ಹೆಸರೇ ಕಾಯಿಲೆಗೆ ಉಳಿಯಿತು. ಆಯುರ್ವೇದದಲ್ಲಿ ಕಂಪವಾತ ಎಂದು ಕರೆಯುವುದು ಇದನ್ನು ಹೋಲುತ್ತದೆ. ನಮ್ಮ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳಿವೆ. ಕೈಕಾಲುಗಳ ಚಲನೆ ಸರಾಗವಾಗಿ ನಡೆಯಲು ಇದು ಬೇಕು. ಆ ಜೀವಕೋಶಗಳು ಮೆಲ್ಲಮೆಲ್ಲನೆ ನಾಶವಾದಾಗ ನಡುಕ, ಬಿಗಿತ, ನಿಧಾನಗತಿ ಕಾಣಿಸಿಕೊಳ್ಳುತ್ತವೆ. ಇದು ಅಂಟುಜಾಡ್ಯವಲ್ಲ, ಯಾರ ಶಾಪವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು.

ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಲೆವೊಡೋಪಾ ಎಂಬ ಮಾತ್ರೆ ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗಿ ಕೊರತೆಯನ್ನು ತುಂಬುತ್ತದೆ. ಸರಿಯಾದ ಹೊತ್ತಿಗೆ ತೆಗೆದುಕೊಂಡರೆ ಅನೇಕರು ವರ್ಷಗಟ್ಟಲೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ.

2. ಮೊದಲು ಒಂದು ಎಚ್ಚರಿಕೆ

ಮನೆ ಭೇಟಿಗೆ ಹೋದಾಗ ನಾವು ಮತ್ತೆ ಮತ್ತೆ ಕಾಣುವ ಒಂದು ವಿಷಯವಿದೆ. ಯಾರೋ ಬಂದು "ಪ್ರಾಣಾಯಾಮ ಮಾಡಿದರೆ ಸಾಕು, ಇಂಗ್ಲಿಷ್ ಮದ್ದು ಬಿಡಿ" ಅಂತ ಹೇಳ್ತಾರೆ. ಮಾತ್ರೆಯ ಖರ್ಚು ಭಾರವಾಗಿರುವ ಮನೆಯವರು ಅದನ್ನು ನಂಬ್ತಾರೆ. ಒಂದು ಮನೆಯಲ್ಲಿ ಅಜ್ಜ ಮಾತ್ರೆ ಬಿಟ್ಟು ನಾಲ್ಕೇ ದಿನಕ್ಕೆ ಮರದ ತುಂಡಿನ ಹಾಗೆ ಬಿಗಿದುಕೊಂಡು, ಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು. ಲೆವೊಡೋಪಾ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಹೀಗಾಗುವುದುಂಟು. ಇದು ಜೀವಕ್ಕೇ ಅಪಾಯ. ಪ್ರಮಾಣ ಹೆಚ್ಚು ಕಡಿಮೆ ಮಾಡುವುದಾದರೆ ಅದನ್ನು ವೈದ್ಯರೇ ಮಾಡಬೇಕು.

ಇನ್ನೊಂದು ಮಾತು. ನಸುಗುನ್ನಿ ಬೀಜದಲ್ಲಿ ಸ್ವಾಭಾವಿಕವಾಗಿಯೇ ಲೆವೊಡೋಪಾ ಇದೆ. ಆದ್ದರಿಂದ ವೈದ್ಯರಿಗೆ ಹೇಳದೆ ಮಾತ್ರೆಯನ್ನೂ ಆ ಬೀಜದ ಪುಡಿಯನ್ನೂ ಒಟ್ಟಿಗೆ ತೆಗೆದುಕೊಂಡರೆ ಪ್ರಮಾಣ ಮೀರಬಹುದು. ನಾಟಿ ಮದ್ದು ತೆಗೆದುಕೊಳ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

3. ಉಸಿರಿಗೂ ಈ ಕಾಯಿಲೆಗೂ ಏನು ಸಂಬಂಧ?

ಕೈಕಾಲು ಬಿಗಿಯಾಗುವ ಹಾಗೆ ಎದೆಯ ಸ್ನಾಯುಗಳೂ ಬಿಗಿಯಾಗುತ್ತವೆ. ಬೆನ್ನು ಮುಂದಕ್ಕೆ ಬಾಗುತ್ತದೆ. ಆಗ ಎದೆ ಪೂರ್ತಿ ಅರಳುವುದಿಲ್ಲ, ಉಸಿರು ಮೇಲೆ ಮೇಲೆಯೇ ಆಡುತ್ತದೆ. ಮಾತಿಗೆ ಬೇಕಾದಷ್ಟು ಗಾಳಿ ಸಿಗದೆ ಧ್ವನಿ ಸಣ್ಣದಾಗುತ್ತದೆ. ಕೆಮ್ಮಿಗೆ ಬಲ ಸಾಲದೆ ಕಫ ಹೊರಬರುವುದಿಲ್ಲ. ನುಂಗುವಾಗ ಆಹಾರ ಶ್ವಾಸನಾಳಕ್ಕೆ ಹೋದರೆ ಅದನ್ನು ಹೊರಹಾಕಲು ಆಗದೆ ನ್ಯುಮೋನಿಯಾ ಬರುತ್ತದೆ. ಈ ಕಾಯಿಲೆ ಇರುವವರ ಸಾವಿಗೆ ನ್ಯುಮೋನಿಯಾ ಒಂದು ಮುಖ್ಯ ಕಾರಣ.

ಮನಸ್ಸಿನ ಸಂಗತಿಯೂ ಇದೆ. ಆತಂಕ ಹೆಚ್ಚಿದಾಗ ನಡುಕ ಹೆಚ್ಚುತ್ತದೆ. ನಾಲ್ಕು ಜನರ ಮುಂದೆ ಚಹಾದ ಲೋಟ ಹಿಡಿಯಲು ಹೆದರಿ ಮದುವೆ, ಪೂಜೆ, ಸಂಘದ ಸಭೆ ಎಲ್ಲಕ್ಕೂ ಹೋಗುವುದನ್ನು ಬಿಟ್ಟವರನ್ನು ನಾವು ನೋಡಿದ್ದೇವೆ. ಖಿನ್ನತೆ ಮತ್ತು ಆತಂಕ ಈ ಕಾಯಿಲೆಯ ಭಾಗವೇ ಹೊರತು ಮನೋದೌರ್ಬಲ್ಯ ಅಲ್ಲ. ಧ್ಯಾನ ಮುಖ್ಯವಾಗಿ ನೆರವಾಗುವುದು ಇಲ್ಲಿಯೇ.

4. ಅಧ್ಯಯನಗಳು ಹೇಳುವುದೇನು?

ಹಾಂಗ್‌ಕಾಂಗ್‌ನಲ್ಲಿ ಈ ಕಾಯಿಲೆ ಇರುವ 138 ಮಂದಿಯ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 8 ವಾರಗಳ ಕಾಲ ಒಂದು ಗುಂಪು ಉಸಿರು ಮತ್ತು ಮನಸ್ಸಿನ ಕಡೆ ಗಮನವಿಟ್ಟು ಯೋಗ ಮಾಡಿತು. ಇನ್ನೊಂದು ಗುಂಪು ಮೈ ಎಳೆದು ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿತು. ಚಲನೆಯಲ್ಲಿ ಎರಡೂ ಗುಂಪಿಗೆ ಸರಿಸುಮಾರು ಒಂದೇ ರೀತಿಯ ಲಾಭವಾಯಿತು. ಆದರೆ ಆತಂಕ ಮತ್ತು ಖಿನ್ನತೆ ಕಡಿಮೆಯಾದದ್ದು ಯೋಗ ಮಾಡಿದವರಲ್ಲಿ ಹೆಚ್ಚು. ಇವರು ಯಾರೂ ತೀರಾ ಹಾಸಿಗೆ ಹಿಡಿದವರಲ್ಲ, ನಡೆಯಬಲ್ಲವರು ಎಂಬುದನ್ನೂ ನೆನಪಿಡಬೇಕು.

2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇಟಲಿಯಲ್ಲಿ ಆರೋಗ್ಯವಂತರ ಮೇಲೆ ನಡೆದದ್ದು. ಜಪಸರ ಪ್ರಾರ್ಥನೆ ಹೇಳಿದರೂ, ಓಂ ಮಣಿ ಪದ್ಮೇ ಮಂತ್ರ ಹೇಳಿದರೂ ಉಸಿರು ನಿಮಿಷಕ್ಕೆ ಸುಮಾರು 6 ಬಾರಿಗೆ ಇಳಿಯುತ್ತದೆ, ಹೃದಯದ ಲಯಕ್ಕೆ ಅದು ಒಳ್ಳೆಯದು ಎಂದು ಅಲ್ಲಿ ಕಂಡುಬಂತು. ಹಾಗಾಗಿ ನಮ್ಮ ಸಂಘದಲ್ಲಿ ಯಾರು ಯಾವ ಧರ್ಮದವರಾದರೂ ತಮಗೆ ರೂಢಿಯಿರುವ ದೇವರ ನಾಮವನ್ನೇ ಉಸಿರಿನೊಂದಿಗೆ ಹೇಳಿಕೊಳ್ಳಬಹುದು. ದೇವರ ನಾಮ ಬೇಡ ಎನ್ನುವವರು ಅಂಕಿ ಎಣಿಸಿದರೂ ಆಯ್ತು.

5. ಮನೆಯಲ್ಲಿ ಮಾಡುವ ಕ್ರಮ

ಸಮಯ: ಮಾತ್ರೆ ತೆಗೆದುಕೊಂಡು ಅದು ಕೆಲಸ ಮಾಡಲು ಶುರುವಾದ ಮೇಲೆ ಮಾಡಬೇಕು. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೈ ಸಡಿಲವಾಗುತ್ತದೆ. ಊಟವಾದ ಕೂಡಲೇ ಬೇಡ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಸಾಕು.

ಜಾಗ: ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರಲೇಬೇಕೆಂದಿಲ್ಲ. ಕೈ ಇರುವ ಗಟ್ಟಿ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಊರಿ, ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಲಿ.

ಅ) ಹೊಟ್ಟೆಯ ಉಸಿರು: ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ಮೂಗಿನಿಂದ ಉಸಿರು ಎಳೆದುಕೊಂಡಾಗ ಹೊಟ್ಟೆ ಉಬ್ಬಬೇಕು, ಬಿಟ್ಟಾಗ ಇಳಿಯಬೇಕು. ಮೊದಲು ಮೂರು ಎಣಿಸುವಷ್ಟು ಒಳಗೆ, ನಾಲ್ಕು ಎಣಿಸುವಷ್ಟು ಹೊರಗೆ. ಅಭ್ಯಾಸವಾದ ಮೇಲೆ ನಾಲ್ಕು ಒಳಗೆ, ಆರು ಹೊರಗೆ. ಸೆಕೆಂಡಿಗೆ ಒಂದರಂತೆ ಎಣಿಸಿದರೆ ನಿಮಿಷಕ್ಕೆ 6 ಉಸಿರಾಗುತ್ತದೆ. ತ್ರಾಸವಾದರೆ ಹಿಂದಿನ ಲೆಕ್ಕಕ್ಕೇ ಬನ್ನಿ. ಉಸಿರು ಕಟ್ಟಿ ಹಿಡಿಯುವುದು ಬೇಡ.

ಆ) ಎದೆ ಅರಳಿಸುವುದು: ಉಸಿರು ಎಳೆದುಕೊಳ್ಳುತ್ತಾ ಎರಡೂ ತೋಳುಗಳನ್ನು ಪಕ್ಕಕ್ಕೆ ಆದಷ್ಟು ಅಗಲವಾಗಿ ಚಾಚಿ. ಬಿಡುತ್ತಾ ಕೆಳಗಿಳಿಸಿ. ಐದು ಸಲ.

ಇ) ಗಟ್ಟಿ ದನಿ: ಚೆನ್ನಾಗಿ ಉಸಿರು ಎಳೆದುಕೊಂಡು "ಆ…" ಎಂದು ಆದಷ್ಟು ಹೊತ್ತು ಗಟ್ಟಿಯಾಗಿ ಹೇಳಿ. ಆಮೇಲೆ ಒಂದರಿಂದ ಹತ್ತರವರೆಗೆ ಅಂಗಳದಾಚೆ ಇರುವವರಿಗೆ ಕೇಳುವ ಹಾಗೆ ಎಣಿಸಿ. ಗಂಟಲು ಹಿಂಡಬಾರದು, ಬಲ ಹೊಟ್ಟೆಯಿಂದ ಬರಬೇಕು. ಗಟ್ಟಿಯಾಗಿ ಮಾತಾಡುವುದನ್ನೇ ಮುಖ್ಯವಾಗಿಟ್ಟುಕೊಂಡ ತರಬೇತಿಯೊಂದು ಅಮೆರಿಕದಲ್ಲಿ 1987ರಲ್ಲಿ ಆರಂಭವಾಯಿತು. ವಾರಕ್ಕೆ 4 ದಿನದಂತೆ 4 ವಾರ ನಡೆಯುವ ಅದು ಈಗ ಅನೇಕ ದೇಶಗಳಲ್ಲಿದೆ. ಹತ್ತಿರದಲ್ಲಿ ವಾಕ್ ಚಿಕಿತ್ಸಕರಿದ್ದರೆ ವಿಚಾರಿಸಿ.

ಈ) ಧ್ಯಾನ: ಇಲ್ಲಿ ಒಂದು ತೊಡಕಿದೆ. ಪಾರ್ಕಿನ್ಸನ್ ನಡುಕ ಹೆಚ್ಚು ಕಾಣುವುದೇ ಕೈ ಸುಮ್ಮನಿದ್ದಾಗ. ಹಾಗಾಗಿ "ಅಲುಗಾಡದೆ ಕುಳಿತುಕೋ" ಎಂದರೆ ಅವರಿಗೆ ಆಗುವುದಿಲ್ಲ. ಕೆಲವರು "ನನ್ನಿಂದ ಧ್ಯಾನ ಆಗೋದಿಲ್ಲ" ಅಂತ ಅಲ್ಲಿಗೇ ಬಿಟ್ಟುಬಿಡ್ತಾರೆ. ಕೈ ನಡುಗಲಿ, ಅದರ ಜೊತೆ ಜಗಳ ಬೇಡ. ಕೈಗೆ ಜಪಸರವನ್ನೋ ಮಡಚಿದ ಬಟ್ಟೆಯನ್ನೋ ಕೊಡಿ. ಗಮನ ಉಸಿರಿನ ಮೇಲಿರಲಿ. ಮನಸ್ಸು ಎಲ್ಲಿಗೋ ಹೋದರೆ ಬೈದುಕೊಳ್ಳದೆ ಮತ್ತೆ ಉಸಿರಿಗೆ ತರುವುದು, ಇಷ್ಟೇ ಧ್ಯಾನ. ನಿದ್ದೆ ಬರುವವರು ಕಣ್ಣು ತೆರೆದೇ ಮಾಡಲಿ.

ಉ) ಕಾಲು ಅಂಟಿಕೊಂಡಾಗ: ಬಾಗಿಲ ಹತ್ತಿರ, ತಿರುಗುವ ಕಡೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುವುದುಂಟು. ಆಗ ಕೈ ಹಿಡಿದು ಎಳೆಯಬೇಡಿ, ಬೀಳ್ತಾರೆ. "ನಿಲ್ಲಿ, ಉಸಿರು ಬಿಡಿ" ಅಂತ ಮೆಲ್ಲಗೆ ಹೇಳಿ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಎರಡು ಸಲ ಬದಲಿಸಿ, ಒಂದು-ಎರಡು ಎಣಿಸಿ ದೊಡ್ಡ ಹೆಜ್ಜೆ ಇಡಲಿ.

6. ಮಾಡಬಾರದ್ದು

• ಕಪಾಲಭಾತಿ, ಭಸ್ತ್ರಿಕಾದಂಥ ವೇಗದ ಉಸಿರಾಟ ಮತ್ತು ಉಸಿರು ಹಿಡಿಯುವ ಕುಂಭಕವನ್ನು ವೈದ್ಯರನ್ನು ಕೇಳದೆ ಮಾಡಬೇಡಿ. ಈ ಕಾಯಿಲೆಯಲ್ಲಿ ರಕ್ತದೊತ್ತಡ ತಟ್ಟನೆ ಇಳಿದು ತಲೆಸುತ್ತು ಬರುವುದು ಸಾಮಾನ್ಯ.
• ನಿಂತುಕೊಂಡು ಕಣ್ಣು ಮುಚ್ಚಬಾರದು. ಅಭ್ಯಾಸ ಮುಗಿದ ಕೂಡಲೇ ಎದ್ದುಬಿಡಬಾರದು. ಒಂದು ನಿಮಿಷ ಕುಳಿತು, ಕಾಲು ಆಡಿಸಿ, ಆಮೇಲೆ ಏಳಬೇಕು.
• ಇಲ್ಲದ್ದು ಕಾಣುವ, ಕೇಳುವ ತೊಂದರೆ ಇದ್ದವರಿಗೆ ದೀರ್ಘ ಮೌನಧ್ಯಾನ ಬೇಡ. ಮೊದಲು ವೈದ್ಯರಿಗೆ ತಿಳಿಸಿ.
• ನೀರು ಕುಡಿಯುವಾಗ ಪದೇ ಪದೇ ಕೆಮ್ಮು ಬಂದರೆ ಉಸಿರಾಟದ ಅಭ್ಯಾಸವೊಂದೇ ಸಾಲದು. ನುಂಗುವುದನ್ನು ಪರೀಕ್ಷಿಸಬೇಕು.

7. ಮನೆಯವರ ಪಾಲು

ಇಂಥವರನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಡತಿ, ಸೊಸೆ, ಮಗಳು. ಅವರಲ್ಲಿ ಹಲವರು ನಮ್ಮ ಸಂಘಗಳ ಸದಸ್ಯೆಯರೇ. ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು, ಅಡುಗೆ ಎಲ್ಲದರ ನಡುವೆ "ಬೇಗ ಬೇಗ" ಎನ್ನುವುದು ಸಹಜ. ಆದರೆ ಅವಸರ ಮಾಡಿದಷ್ಟೂ ಅವರ ಕೈಕಾಲು ಇನ್ನಷ್ಟು ಬಿಗಿಯುತ್ತದೆ. ಅವರ ಪರವಾಗಿ ನೀವೇ ಉತ್ತರ ಕೊಡಬೇಡಿ. ಸ್ವಲ್ಪ ಕಾದರೆ ಅವರೇ ಹೇಳ್ತಾರೆ. ದಿನದ ಆ ಹತ್ತು ನಿಮಿಷ ನೀವೂ ಪಕ್ಕದಲ್ಲಿ ಕುಳಿತು ಉಸಿರಾಡಿ. ಒಬ್ಬರೇ ಮಾಡಿದರೆ ವಾರದಲ್ಲಿ ನಿಂತುಹೋಗುತ್ತದೆ, ಜೊತೆಗಿದ್ದರೆ ಮುಂದುವರಿಯುತ್ತದೆ. ನಿಮ್ಮ ದಣಿವಿಗೂ ಅದು ಬೇಕು.

ನೆರವು ಎಲ್ಲಿ ಸಿಗುತ್ತದೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಚಿಕಿತ್ಸೆಯ ಜೊತೆಗೆ ಯೋಗವನ್ನೂ ಒಳಗೊಂಡ ಸಮಗ್ರ ವೈದ್ಯ ವಿಭಾಗವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆ. ಆದ್ದರಿಂದ ವೈದ್ಯಕೀಯ ತಪಾಸಣೆಯ ನಂತರ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. ಮನಸ್ಸು ತೀರಾ ಕುಗ್ಗಿದರೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ರೋಗಿಗಳಷ್ಟೇ ಅಲ್ಲ, ನೋಡಿಕೊಳ್ಳುವವರೂ ಮಾಡಬಹುದು.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ವಾರ್ಡಿನಲ್ಲಿ ಕೈ ನಡುಗುತ್ತದೆ ಎಂಬ ನಾಚಿಕೆಯಿಂದ ಹೊರಗೆ ಬರುವುದನ್ನು ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ? ಅವರನ್ನು ನೋಡಲು ಯಾರು, ಯಾವತ್ತು ಹೋಗೋಣ?
2. ಮಾತ್ರೆಯ ಖರ್ಚಿಗಾಗಿ ಚಿಕಿತ್ಸೆ ಬಿಟ್ಟವರಿಗೆ ಸಂಘದಿಂದ ಏನು ಮಾಡಬಹುದು?
3. ಇಂದಿನ ಸಭೆ ಮುಗಿಸುವ ಮೊದಲು ಎಲ್ಲರೂ ಐದು ನಿಮಿಷ ಹೊಟ್ಟೆಯ ಉಸಿರನ್ನು ಅಭ್ಯಾಸ ಮಾಡೋಣ. ಕಲಿತದ್ದನ್ನು ಈ ವಾರ ಒಬ್ಬರಿಗಾದರೂ ಅವರ ಮನೆಯಲ್ಲೇ ಕುಳಿತು ಕಲಿಸೋಣ.